ಹಲ್ಲುನೋವಿನ ಸಮಿತಿ

ಅತ್ತಿಗೆ ಬೆಳಿಗ್ಗೆ ಹೇಳಿದ್ದು ಒಂದೇ ಮಾತು. ಒಗೆದು ಇಸ್ತ್ರಿ ಮಾಡಿದ ಬಿಳಿ ಕೋಟನ್ನು ಅವನ ಕೈಗಿಡುತ್ತ, ಅವನ ಮುಖ ನೋಡದೆ ಕೋಟಿನ ಕಾಲರನ್ನೇ ನೋಡುತ್ತ, "ಇವತ್ತು ಬರ್ತಾನಲ್ಲ ಅವನು, ಕೇಳು," ಎಂದಳು. ಏನನ್ನು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. "ನೋಡೋಣ ಅತ್ತಿಗೆ," ಎಂದು ಮೆಟ್ಟಿಲಿಳಿದು ಕೆಳಗಿನ ಕ್ಲಿನಿಕ್ಕಿಗೆ ಬಂದಿದ್ದ. ಬೆಳಗಿನ ರೋಗಿಗಳೆಲ್ಲ ಹೋದ ಮೇಲೆ, ಮಧ್ಯಾಹ್ನ ಸಿಂಕಿನ ಮುಂದೆ ನಿಂತು ಕೈ ತೊಳೆಯುವಾಗಲೂ ಆ 'ನೋಡೋಣ' ಹಲ್ಲಿನ ಸಂದಿಯಲ್ಲಿ ಉಳಿದ ಹತ್ತಿಯ ಎಳೆಯಂತೆ ಸಿಕ್ಕಿಕೊಂಡೇ ಇತ್ತು. ಅಣ್ಣ ಕಾಣೆಯಾದ ಒಂಬತ್ತು ವರ್ಷಗಳಿಂದ ಮನೆಯಲ್ಲಿ ಅವನು ಆಡುತ್ತ ಬಂದಿರುವ ಮಾತುಗಳೆಲ್ಲ ಇದೇ ಜಾತಿಯವು. ನೋಡೋಣ. ವಿಚಾರಿಸ್ತಿದ್ದೀನಿ. ಒಬ್ಬರ ಕಿವಿಗೆ ಹಾಕಿದ್ದೀನಿ. ಸಿರಿಂಜನ್ನು ಬೆನ್ನ ಹಿಂದೆ ಹಿಡಿದು 'ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ' ಎನ್ನುವ ದನಿಯೇ ಮೆಟ್ಟಿಲು ಹತ್ತಿ ಮನೆಗೂ ಬಂದುಬಿಟ್ಟಿದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಬಿಟ್ಟು ಬೇರೆ ದನಿ ಅವನಲ್ಲಿ ಇರಲಿಲ್ಲ. ಕೈಗೆ ಸೋಪು ಹಚ್ಚಿದ್ದೇ ಹಚ್ಚಿದ್ದು. ಬೆರಳಿನ ತುದಿಗಳು ಸುಕ್ಕುಗಟ್ಟಿದ ಮೇಲೆ ನಲ್ಲಿ ನಿಲ್ಲಿಸಿದ.

ಕ್ಲಿನಿಕ್ಕಿಗೆ ಎರಡು ಕೋಣೆ. ಹೊರಗಿನದು ಕಾಯುವವರದು: ಒಂದು ಉದ್ದ ಬೆಂಚು, ಹಳೆಯ ವಾರಪತ್ರಿಕೆಗಳು, ಮೀನುಗಳು ಸತ್ತು ಬರೀ ಬೆಣಚುಕಲ್ಲು ಉಳಿದ ಗಾಜಿನ ತೊಟ್ಟಿ. ಒಳಗಿನದು ಕುರ್ಚಿಯದು. ನಡುವೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗಿನ ಬಾಗಿಲು. ಕಂಪ್ರೆಸರ್ ಹಾಕಿದರೆ ಒಳಗಿನ ಮಾತು ಹೊರಗೆ ಕೇಳುವುದಿಲ್ಲ, ಹೊರಗಿನದು ಒಳಗೆ ಕೇಳುವುದಿಲ್ಲ. ಹೊಳೆಯ ಆಚೆ ಕಾಡು ಸೇರಿ ಬಂಡೆದ್ದವರಿಗೂ ಸರ್ಕಾರಕ್ಕೂ ನಡೆಯುತ್ತಿದ್ದ ಮಾತುಕತೆ ಹೋದ ವರ್ಷ ಸುಟ್ಟ ಒಂದು ಲಾರಿಯ ದೆಸೆಯಿಂದ ನಿಂತುಹೋಗಿತ್ತು. ಮತ್ತೆ ಕೂರೋಣ ಎಂದು ಮೊದಲು ಯಾರು ಕೇಳಬೇಕು ಎಂಬಲ್ಲಿಗೆ ಎಲ್ಲ ಸಿಕ್ಕಿಬಿದ್ದಿತ್ತು; ಕೇಳಿದವನು ಸೋತ ಹಾಗೆ. ಸೇತುವೆ ಮುಚ್ಚಿತ್ತು. ಊರಿನ ಶಾಂತಿ ಸಮಿತಿ ಆ ದಿನಗಳಲ್ಲಿ ಮಾಡಬಹುದಾದ್ದನ್ನೆಲ್ಲ ಮಾಡಿತ್ತು: ಮೆರವಣಿಗೆ, ಸಹಿ ಸಂಗ್ರಹ, ಎರಡೂ ಕಡೆಗೆ ಮನವಿ. ಮನವಿ ತಲುಪಿದೆ ಎಂದು ಹೇಳುವ ಸೌಜನ್ಯವೂ ಯಾರಿಗೂ ಇರಲಿಲ್ಲ. ಹೀಗಿರುವಾಗ ಸಮಿತಿಯ ಮುಖ್ಯಸ್ಥೆ, ನಿವೃತ್ತ ಹೆಡ್‌ಮಿಸ್ಟ್ರೆಸ್, ಒಂದು ದಿನ ವಸಡು ಊದಿಕೊಂಡು ಅವನ ಕ್ಲಿನಿಕ್ಕಿಗೆ ಬಂದಿದ್ದರು. ಬೆಂಚಿನ ಒಂದು ತುದಿಯಲ್ಲಿ ನಿವೃತ್ತ ಜಿಲ್ಲಾಧಿಕಾರಿ, ಇನ್ನೊಂದು ತುದಿಯಲ್ಲಿ ಪ್ರೆಸ್ಸಿನಲ್ಲಿ ಕರಡು ತಿದ್ದುವ ಬಡಕಲು ಮನುಷ್ಯ. ಮೊದಲನೆಯವರ ಮಾತನ್ನು ಮಂತ್ರಿಗಳು ಇನ್ನೂ ಕೇಳುತ್ತಾರೆ. ಎರಡನೆಯವನು ಆಚೆಯವರ ಮುಖಂಡನ ಷಡ್ಡಕ, ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು. ಒಬ್ಬರನ್ನೊಬ್ಬರು ಕಂಡರೆ ರಸ್ತೆ ದಾಟುವ ಇಬ್ಬರೂ ಒಂದೇ ವಾರಪತ್ರಿಕೆಯನ್ನು ಸರದಿಯ ಮೇಲೆ ಓದುತ್ತ ಕೂತಿದ್ದನ್ನು ಹೆಡ್‌ಮಿಸ್ಟ್ರೆಸ್ ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡೇ ನೋಡಿದ್ದರು. "ಡಾಕ್ಟರೇ," ಎಂದಿದ್ದರು ಆಮೇಲೆ, ಬಾಯಿ ತೊಳೆದುಕೊಂಡು, "ಹಲ್ಲುನೋವಿಗೆ ಯಾಕೆ ಬಂದೆ ಅಂತ ಯಾರೂ ಯಾರನ್ನೂ ಕೇಳಲ್ಲ, ನೋಡಿದ್ರಾ?"

ಅಲ್ಲಿಂದ ಇದು ಶುರುವಾಯಿತು. ಅಧಿಕಾರಿ ಹೊರಗಿನ ಕೋಣೆಯಲ್ಲಿ, ಷಡ್ಡಕ ಒಳಗಿನ ಕುರ್ಚಿಯಲ್ಲಿ. ಇಬ್ಬರೂ ಭೇಟಿಯಾಗುವುದಿಲ್ಲ, ಮುಂದೆ ಯಾರಾದರೂ ಕೇಳಿದರೆ ಭೇಟಿಯಾಗಿಲ್ಲ ಎಂದು ಆಣೆ ಮಾಡಿ ಹೇಳಬಹುದು. ನಡುವೆ ಬಾಗಿಲು ತಳ್ಳಿಕೊಂಡು ವಾಕ್ಯಗಳನ್ನು ಹೊರುವವನು ಅವನು. ಹೆಡ್‌ಮಿಸ್ಟ್ರೆಸ್ ಹೊರಗೆ ಕೂತು ಕಾಯುತ್ತಾರೆ. ನಿಯಮಗಳು ಅವರವೇ. ಸುಳ್ಳು ರೋಗಿ ಬೇಡ, ಬಂದಾಗಲೆಲ್ಲ ಬಾಯಲ್ಲಿ ಏನಾದರೂ ಕೆಲಸ ಆಗಲೇಬೇಕು. ಆಡಿದ ಮಾತನ್ನು ಆಡಿದ ಹಾಗೇ ಒಯ್ಯಬೇಕು, ಸಕ್ಕರೆ ಬೆರೆಸಬಾರದು. ಮೂರನೆಯದು, ಸ್ವಂತದ ಪ್ರಶ್ನೆ ಕೇಳಬಾರದು. ಈ ಮೂರನೆಯದು ಸಮಿತಿಯಲ್ಲಿದ್ದ ಒಬ್ಬ ವಕೀಲರಿಂದಾಗಿ ಬಂದದ್ದು. ಸಮಿತಿಯಲ್ಲಿ ಇರುವ ಎಲ್ಲರ ಮನೆಯಿಂದಲೂ ಒಬ್ಬರು ಕಾಣೆಯಾಗಿದ್ದಾರೆ, ವಕೀಲರಿಗೆ ಮಗ. ಎಲ್ಲ ಸರಿಯಾಗಿ ಸಾಗುತ್ತಿದ್ದಾಗ ಅವರು ತಡೆಯಲಾರದೆ ಒಳಗೆ ನುಗ್ಗಿ ಷಡ್ಡಕನ ಮೊಣಕೈ ಹಿಡಿದು, "ನನ್ನ ಹುಡುಗನ್ನ ಎಲ್ಲಿಟ್ಟಿದ್ದೀರಪ್ಪ," ಎಂದು ಕೇಳಿಬಿಟ್ಟಿದ್ದರು. ಷಡ್ಡಕ ಎದ್ದು ಹೋದವನು ಮಳೆಗಾಲ ಕಳೆಯುವವರೆಗೂ ಬರಲಿಲ್ಲ. ವಕೀಲರೂ ಬರುವುದನ್ನು ಬಿಟ್ಟರು. ಸಮಿತಿಯವರು ತಮ್ಮತಮ್ಮಲ್ಲಿ ಅಧಿಕಾರಿಯನ್ನು 'ಹಲ್ಲುಸೆಟ್ಟು' ಎಂದೂ ಷಡ್ಡಕನನ್ನು 'ದವಡೆಹಲ್ಲು' ಎಂದೂ ಕರೆಯುತ್ತಿದ್ದರು. ಸೆಟ್ಟನ್ನು ಅವನು ಎಷ್ಟು ಸಲ ತಿದ್ದಿದ್ದನೆಂದರೆ ಅದರಷ್ಟು ಹೊಂದಿಕೊಂಡ ಸೆಟ್ಟು ಊರಿನಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ಆ ಮಧ್ಯಾಹ್ನ ಹಲ್ಲುಸೆಟ್ಟು ಮೊದಲು ಬಂದರು. ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಬೆಂಚಿನ ಅದೇ ತುದಿಯಲ್ಲಿ ಕೂತು, "ಎಡಗಡೆ ಸ್ವಲ್ಪ ಒತ್ತುತ್ತೆ," ಎಂದು ಸೆಟ್ಟನ್ನು ತೆಗೆದು ಅವನು ಹಿಡಿದ ಬಟ್ಟಲಿಗೆ ಹಾಕಿದರು. ಹಾಕಿದ ತಕ್ಷಣ ಕೆನ್ನೆಗಳು ಒಳಕ್ಕೆ ಹೋಗಿ, ಫೈಲಿನ ಮೇಲೆ ಒಂದು ಗೀಟು ಹಾಕಿ ಊರುಗಳನ್ನೇ ಒಕ್ಕಲೆಬ್ಬಿಸುತ್ತಿದ್ದ ಮನುಷ್ಯ ಯಾರದೋ ಅಜ್ಜನಾಗಿಬಿಟ್ಟರು. ಹೆಡ್‌ಮಿಸ್ಟ್ರೆಸ್ ಮೀನಿನ ತೊಟ್ಟಿಯ ಕಡೆ ನೋಡಿದರು. ಇಂಥ ಹೊತ್ತಿನಲ್ಲಿ ಅವರು ಯಾವಾಗಲೂ ಅಲ್ಲೇ ನೋಡುವುದು. ಆಮೇಲೆ ಹಿಂಬಾಗಿಲಿನಿಂದ ಷಡ್ಡಕ ಬಂದು ತಾನಾಗಿಯೇ ಕುರ್ಚಿ ಹತ್ತಿ ಒರಗಿದ. ಪ್ರೆಸ್ಸಿನ ಮಸಿ ಅವನ ಉಗುರುಗಳಲ್ಲಿತ್ತು. "ಈ ವ್ಯವಹಾರ ಇನ್ನೊಂದು ವರ್ಷ ಎಳೆದರೆ," ಎಂದ, "ನನ್ನ ಬಾಯಲ್ಲಿ ರಿಪೇರಿಗೆ ಏನೂ ಉಳಿಯಲ್ಲ ಡಾಕ್ಟರೇ. ಆಮೇಲೆ ಒಳ್ಳೆ ಹಲ್ಲನ್ನೇ ಕೊರೀತೀರೇನೋ."

"ಇವತ್ತಿಂದು ನಿಜವಾಗಿಯೂ ಕೆಟ್ಟಿದೆ. ಬಾಯಿ ತೆಗೀರಿ. ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ."

"ನಿಮ್ಮ ಇರುವೆ ನನಗೆ ಗೊತ್ತು," ಎಂದು ಷಡ್ಡಕ ಬಾಯಿ ತೆರೆದ.

ಔಷಧ ಏರಲು ಕಾಯಬೇಕು. ಕಾಯುವಾಗ ಅವನು ಕಿಟಕಿಯ ಹತ್ತಿರ ನಿಂತ. ಆ ಕಿಟಕಿಯಿಂದ ಹೊಳೆ ಕಾಣುವುದಿಲ್ಲ, ಎದುರಿನ ಗೋದಾಮಿನ ಗೋಡೆ ಮಾತ್ರ. ಅಣ್ಣ ಆಚೆ ದಡದ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು ಉಪಕರಣದ ಚೀಲ ಹಿಡಿದು ಹೋದದ್ದು ಇಂಥದೇ ಒಂದು ಮಾಮೂಲಿ ದಿನ. ಕಾಡಿನವರು ಕರೆದೊಯ್ದರು ಎಂದವರಿದ್ದರು; ಇಲ್ಲ, ಈಚೆಯ ಪೊಲೀಸರ ಜೀಪೇ ಎಂದವರೂ ಇದ್ದರು. ಮೊದಲ ವರ್ಷ ಅವನು ನಿಜವಾಗಿಯೂ ಅಲೆದಿದ್ದ, ಕಚೇರಿಗಳ ಬೆಂಚಿನ ಮೇಲೆ ಕೂತಿದ್ದ, ಹೆಣ ಗುರುತಿಸಲು ಕರೆದಲ್ಲಿಗೆಲ್ಲ ಹೋಗಿ ಮೂಗಿಗೆ ಕರವಸ್ತ್ರ ಹಿಡಿದು ಹಲ್ಲುಗಳನ್ನು ನೋಡಿ 'ಅಲ್ಲ' ಎಂದಿದ್ದ. ಎರಡನೇ ವರ್ಷ ಅಣ್ಣನ ಮಗಳ ಪ್ರೋಗ್ರೆಸ್ ಕಾರ್ಡಿಗೆ ಪೋಷಕ ಎಂದಿರುವಲ್ಲಿ ಸಹಿ ಮಾಡುವ ಮೊದಲು ಅತ್ತಿಗೆಯನ್ನು ಕೇಳಿದ್ದ. ಐದನೇ ವರ್ಷ ಕೇಳಲಿಲ್ಲ. ಆಮೇಲಾಮೇಲೆ ಆ ಸಹಿಯನ್ನು ಅವನು ತುಸು ಉದ್ದವಾಗಿ, ಕೊನೆಯಲ್ಲೊಂದು ಗೆರೆ ಎಳೆದು ಮಾಡತೊಡಗಿದ. ಮನೆಯ ಮುಂಬಾಗಿಲಿಗೆ ಬಣ್ಣ ಯಾವುದು, ಹುಡುಗಿ ಓದಬೇಕಾದ್ದು ಏನು, ಯಾರ ಮದುವೆಗೆ ಹೋಗಬೇಕು, ಎಲ್ಲ ಅವನನ್ನೇ ಕೇಳುತ್ತಿದ್ದರು. ಅಣ್ಣನಿದ್ದಾಗ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಒಂದು ದಿನ ಫೋನು ಬಂದು 'ನಿಮ್ಮಣ್ಣ ಸಿಕ್ಕಿದ್ದಾರೆ' ಎಂದರೆ ತನಗೆ ಮೊದಲು ಆಗುವುದೇನು ಎಂದು ಯೋಚಿಸಿ, ಆ ಯೋಚನೆಯನ್ನು ಅರ್ಧಕ್ಕೇ ನಿಲ್ಲಿಸಿ, ಎದ್ದು ನೀರು ಕುಡಿದಿದ್ದ. ಸ್ವಂತದ ಪ್ರಶ್ನೆ ಬೇಡ ಎಂಬ ನಿಯಮ ಬಂದ ದಿನ ಎಲ್ಲರೂ ತಲೆ ತಗ್ಗಿಸಿ ಒಪ್ಪಿದ್ದರು. ಅವನು ಎಲ್ಲರಿಗಿಂತ ಬೇಗ ಒಪ್ಪಿದ್ದ.

"ದಪ್ಪ ಆಯ್ತಾ ತುಟಿ?" ಎಂದು ತಿರುಗಿ ಕೇಳಿದ.

"ಆಗ್ತಾ ಇದೆ. ಪೂರ್ತಿ ಆಗೋಕೆ ಮೊದಲೇ ಹೇಳಿಬಿಡ್ತೀನಿ, ಕೇಳಿ." ಷಡ್ಡಕ ದೀಪದ ಬೆಳಕಿಗೆ ಕಣ್ಣು ಮುಚ್ಚಿದ. ಕರಡು ಓದುವವನ ಹಾಗೆ, ಪ್ರತಿ ಪದಕ್ಕೂ ಒಂದು ಬೆರಳು ಆಡಿಸುತ್ತ ಹೇಳಿದ. "ವಾರಕ್ಕೊಂದು ದಿನ ಸೇತುವೆ ತೆಗೀಲಿ, ರೋಗಿಗಳು ಓಡಾಡಲಿ. ಅವತ್ತು ನಮ್ಮವರು ಸುಮ್ಮನಿರ್ತಾರೆ. ಹೀಗೆ ನಾಕು ವಾರ ನಡೆದರೆ, ಪರಿಸ್ಥಿತಿ ಸುಧಾರಿಸಿದೆ ಅಂತ ಇಬ್ಬರೂ ಒಂದೇ ದಿನ ಹೇಳಿ ಮಾತಿಗೆ ಕೂರೋಣ, ಯಾರೂ ಯಾರನ್ನೂ ಕೇಳೋದು ಬೇಡ. ಇದು ನಿಮ್ಮ ಮೇಡಮ್ ಹೇಳಿದ್ದು, ಇದಕ್ಕೆ ನಾವು ಸೈ. ಆದರೆ ರೋಗಿ ಅಂತ ಬಂದವರಲ್ಲಿ ಒಬ್ಬನನ್ನ, ಒಬ್ಬನನ್ನ, ಜೀಪಿಗೆ ಹತ್ತಿಸಿದರೂ ಅವತ್ತಿಗೆ ಎಲ್ಲ ಮುಗೀತು. ಆಮೇಲೆ ಸಮಿತಿ ಅಂತ ಯಾರೂ ನಮ್ಮ ಕಡೆ ತಲೆ ಹಾಕಬೇಡಿ. ತಲೆ ಹಾಕೋಕೆ ಸೇತುವೆಯೂ ಇರಲ್ಲ." ಕಣ್ಣು ತೆರೆದ. "ಹೀಗೇ ಹೇಳಿ."

ಬಾಗಿಲು ಹಿಂದೆ ಮುಚ್ಚಿಕೊಂಡಿತು. ಹೊರಗಿನ ಕೋಣೆಗೆ ಬಂದಾಗ ಇಬ್ಬರೂ ಮುಖ ಎತ್ತಿದರು. ಹೆಡ್‌ಮಿಸ್ಟ್ರೆಸ್ ಕನ್ನಡಕ ಹಾಕಿಕೊಂಡರು, ಅಧಿಕಾರಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಹಲ್ಲಿಲ್ಲದ ಆ ಹಿರಿಯರ ಮುಖಕ್ಕೆ ಮುಖ ಕೊಟ್ಟು ನಿಂತಾಗ ಅವನೊಳಗಿನ ಏನೋ ತಾನಾಗಿಯೇ ಮೆತ್ತಗಾಯಿತು. ಅದು ಉದ್ದೇಶಪಟ್ಟು ಮಾಡಿದ್ದಲ್ಲ, ಕೈ ತಾನಾಗಿ ಸಿರಿಂಜನ್ನು ಮರೆಮಾಡುವ ಹಾಗೆ. "ಒಪ್ಪಿದ್ದಾರೆ ಸರ್," ಎಂದ. "ರೋಗಿಗಳಿಗೆ ಏನೂ ತೊಂದರೆ ಆಗದ ಹಾಗೆ ನೋಡಿಕೊಳ್ಳಿ ಅಂತ ಕೇಳಿಕೊಂಡಿದ್ದಾರೆ."

"ಕೇಳಿಕೊಂಡರಾ?"

"ಹೌದು ಸರ್."

ಕರವಸ್ತ್ರದ ಹಿಂದೆ ಅಧಿಕಾರಿಯ ಬಾಯಿ ಅರಳಿದ್ದು ಕಂಡಿತು. "ಕೇಳಿಕೊಂಡರು. ಅಂದರೆ ಮೊದಲು ಕೇಳಿದ್ದು ಅವರೇ ಅಂತಾಯ್ತು. ಮೇಲಿನವರಿಗೆ ಇದೇ ಬೇಕಾಗಿತ್ತು. ನಾಳೆ ಪತ್ರಿಕೆಗಳಿಗೂ ಹೀಗೇ ಹೇಳಿಸ್ತೀನಿ."

"ಅಷ್ಟೇನಾ ಅವನು ಹೇಳಿದ್ದು?" ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು. ಹೋಂವರ್ಕ್ ಯಾರು ಮಾಡಿಕೊಟ್ಟಿದ್ದು ಎಂದು ಕೇಳುವ ದನಿ.

"ಅಷ್ಟೇ ಮೇಡಮ್."

ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಷಡ್ಡಕನ ಕೆಳತುಟಿ ಒಂದು ಕಡೆ ಜೋತುಬಿದ್ದಿತ್ತು. ಷಡ್ಡಕ ಹುಬ್ಬು ಎತ್ತಿದ. ಇದು ಸಣ್ಣ ವಿಷಯ, ಅವನು ತನಗೆ ತಾನೇ ಹೇಳಿಕೊಂಡ. ಒಪ್ಪಿದ್ದಾರೆ ಎಂಬುದು ನಿಜ, ಉಳಿದದ್ದು ಮಾತಿನ ವರಸೆ. ಹೀಗೆಂದುಕೊಳ್ಳುವಾಗ ಮನಸ್ಸಿನಲ್ಲಿ ಬಂದದ್ದು ಅತ್ತಿಗೆಯ ಮುಖ. ಕಚೇರಿಯಿಂದ ಒಂದು ಸಲ 'ಕೇಸು ಮುಚ್ಚಲಾಗಿದೆ' ಎಂದು ಹೇಳಿ ಕಳಿಸಿದಾಗ ಅವನು ಮೆಟ್ಟಿಲು ಹತ್ತಿ 'ಇನ್ನೂ ಸ್ವಲ್ಪ ದಿನ ಕಾಯಬೇಕಂತೆ' ಎಂದಿದ್ದ. ಅವಳು ಕಾದಿದ್ದಳು. ಎಷ್ಟು ಕಾಲ ಕಾದಳು ಎಂಬುದನ್ನು ಲೆಕ್ಕ ಹಾಕುವ ಧೈರ್ಯ ಅವನಿಗಿರಲಿಲ್ಲ. ನಾಳೆ ಪತ್ರಿಕೆಯಲ್ಲಿ 'ಕೇಳಿಕೊಂಡರು' ಎಂದು ಬರುತ್ತದೆ. ಆ ಕರಡನ್ನು ತಿದ್ದುವವನು ಈಗ ಈ ಕುರ್ಚಿಯಲ್ಲಿ ಒರಗಿರುವವನೇ ಆಗಿದ್ದರೂ ಆಶ್ಚರ್ಯವಿಲ್ಲ. ಓದಿ ಮಡಿಸಿಟ್ಟು ಎದ್ದುಹೋಗುತ್ತಾನೆ, ಈ ಸಲ ಯಾವ ಮಳೆಗಾಲ ಕಳೆದರೂ ಬರುವುದಿಲ್ಲ. ಕಂಪ್ರೆಸರ್ ಗುಂಯ್‌ಗುಟ್ಟುತ್ತಿತ್ತು.

"ಒಂದು ನಿಮಿಷ," ಎಂದು ಷಡ್ಡಕನಿಗೆ ಹೇಳಿ ಮತ್ತೆ ಬಾಗಿಲು ತಳ್ಳಿದ.

"ಸರ್, ನಾನು ತಪ್ಪು ಹೇಳಿದೆ. ಅವರು ಕೇಳಿಕೊಳ್ಳಲಿಲ್ಲ." ಆಮೇಲೆ ಷಡ್ಡಕ ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ, ಅವನು ಬೆರಳಾಡಿಸಿದಲ್ಲೆಲ್ಲ ತಾನೂ ನಿಲ್ಲಿಸುತ್ತ ಹೇಳಿದ. 'ಒಬ್ಬನನ್ನ, ಒಬ್ಬನನ್ನ' ಎಂದು ಎರಡು ಸಲ ಹೇಳಿದ. ಕೊನೆಯಲ್ಲಿ "ತಲೆ ಹಾಕೋಕೆ ಸೇತುವೆಯೂ ಇರಲ್ಲ," ಎಂದಾಗ ತನ್ನ ದನಿ ಎಲ್ಲೋ ಇನ್ನೊಬ್ಬರ ಮನೆಯಲ್ಲಿ ಕೇಳಿಸಿದಂತಿತ್ತು. ಇಷ್ಟು ಒರಟಾದ ಮಾತು ಅವನ ಬಾಯಿಂದ ಎಂದೂ ಹೊರಟದ್ದಿಲ್ಲ.

ಅಧಿಕಾರಿ ಕೈ ಚಾಚಿದರು. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಬಟ್ಟಲಿನಿಂದ ಸೆಟ್ಟನ್ನು ತೆಗೆದು, ತೊಳೆದು, ಕೊಟ್ಟ. ಅವರು ಗೋಡೆಯ ಕಡೆ ತಿರುಗಿ ಹಾಕಿಕೊಂಡು, ಒಂದೆರಡು ಸಲ ಕಚ್ಚಿ ನೋಡಿ, ಮತ್ತೆ ಇತ್ತ ತಿರುಗಿದಾಗ ಮೊದಲಿನ ಮನುಷ್ಯರಾಗಿದ್ದರು.

"ಈಗ ಅವನ ಮಾತಿನ ಹಾಗಿದೆ," ಎಂದರು. "ಮೊದಲು ಹೇಳಿದ್ದು ನಿಮ್ಮ ಮಾತು. ಡಾಕ್ಟರುಗಳ ಮಾತು."

"ಹೌದು ಸರ್."

"ಜೀಪು ಅಂತ ಅವನೇ ಅಂದನಾ? ನೀವು ಸೇರಿಸಿದ್ದಲ್ಲ ತಾನೇ?"

"ಇಲ್ಲ ಸರ್. ಅವರೇ ಅಂದಿದ್ದು."

ಅಧಿಕಾರಿ ಮೀನಿಲ್ಲದ ತೊಟ್ಟಿಯನ್ನು ನೋಡುತ್ತ ಕೂತರು. ಹೆಡ್‌ಮಿಸ್ಟ್ರೆಸ್ ಅವನ ಕಡೆ ನೋಡಲಿಲ್ಲ. ತರಗತಿಯ ಹೊರಗೆ ನಿಲ್ಲಿಸಿದ ಹುಡುಗನಂತೆ ಅವನು ಖಾಲಿ ಬಟ್ಟಲು ಹಿಡಿದು ನಿಂತಿದ್ದ. "ತೊಂದರೆ ಆಗದ ಹಾಗೆ ನೋಡಿಕೊಳ್ಳಿ ಅಂದರೆ ನಾನು ಏನು ತಾನೇ ಕೊಡೋಕಾಗುತ್ತೆ?" ಎಂದರು ಅಧಿಕಾರಿ ಕೊನೆಗೆ, ತಮ್ಮಷ್ಟಕ್ಕೆ ಎಂಬಂತೆ. "ಆಗಲಿ ಅನ್ನಬಹುದು. ಅದನ್ನ ಯಾರೂ ನಂಬಲ್ಲ. ಜೀಪು ಅಂದರೆ ಕೊಡೋಕೊಂದು ವಸ್ತು ಇದೆ. ಅವತ್ತು ಸೇತುವೆಯ ಈ ತುದಿಯಲ್ಲಿ ಜೀಪೇ ನಿಲ್ಲಲ್ಲ. ಒಂದೂ ಇರಲ್ಲ. ಇದನ್ನ ನಾನು ಮಾಡಿಸಬಲ್ಲೆ. ಹೋಗಿ ಹೇಳಿ. ಸೇತುವೆಯೇ ಇರಲ್ಲ ಅಂತ ಇನ್ನೊಂದು ಸಲ ಅಂದರೆ ನನಗೂ ಮಾತು ಬರುತ್ತೆ ಅಂತಲೂ ಹೇಳಿ. ಎರಡನ್ನೂ ಹೇಳಿ."

ಎರಡನ್ನೂ ಹೇಳಿದ. ಷಡ್ಡಕ ಮರಗಟ್ಟಿದ ತುಟಿಯನ್ನು ಬೆರಳಿನಿಂದ ಎತ್ತಿಹಿಡಿದು, "ಜೀಪೇ ಇರಲ್ವಂತಾ," ಎಂದ. ಆಮೇಲೆ, "ಮಾತು ಬರುತ್ತೆ ಅಂದರಾ ಮುದುಕರು," ಎಂದು ಅರ್ಧ ಬಾಯಲ್ಲಿ ನಕ್ಕ. "ಗುರುವಾರದಿಂದ ಅಂತ ಹೇಳಿ."

ಅದನ್ನು ಹೇಳಿ ಬಂದ ಮೇಲೆ ಹೊರಗಿನ ಬಾಗಿಲಲ್ಲಿ ಚಪ್ಪಲಿಯ ಸದ್ದು, ಮೊದಲು ಅಧಿಕಾರಿಯದು, ಆಮೇಲೆ ಹೆಡ್‌ಮಿಸ್ಟ್ರೆಸ್‌ರದು. ಇಬ್ಬರೂ ಬೀದಿ ದಾಟಿ ಹೋಗುವವರೆಗೆ ಷಡ್ಡಕ ಹೊರಡುವಂತಿಲ್ಲ. ಅಷ್ಟರಲ್ಲಿ ಅವನು ಹಲ್ಲಿನ ಕೆಲಸ ಮುಗಿಸಿದ. ಕೊಳೆತದ್ದನ್ನು ಕೊರೆದು ತೆಗೆದು, ತೊಳೆದು, ತುಂಬಿ, ಕಚ್ಚಿಸಿ ನೋಡಿದ. ಕಂಪ್ರೆಸರ್ ನಿಲ್ಲಿಸಿದ ಮೇಲೆ ಕೋಣೆಯಲ್ಲಿ ಎಂಥ ಮೌನ ಬಂತೆಂದರೆ ಮಹಡಿಯ ಮೇಲೆ ಅತ್ತಿಗೆ ಪಾಠ ಹೇಳಿಕೊಡುವ ಮಕ್ಕಳು ಬೆಂಚು ಎಳೆಯುವುದು ಕೇಳಿಸಿತು. ಷಡ್ಡಕ ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು, ಕುರ್ಚಿಯಿಂದ ಇಳಿಯದೆ ಕೂತಿದ್ದ. ಒಂದು ಸಲ ಮೇಲೆ ಛಾವಣಿಯ ಕಡೆ ನೋಡಿದ, ಆ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. "ಇನ್ನೇನಾದರೂ ಕೇಳೋದಿತ್ತಾ ಡಾಕ್ಟರೇ?" ಎಂದ, ನಿಧಾನವಾಗಿ, ಕೆಲಸ ಮುಗಿಯಿತಲ್ಲ ಎನ್ನುವ ಹಾಗೆ.

ಅಣ್ಣನ ಹೆಸರು ಅವನ ನಾಲಗೆಯ ತುದಿಗೆ ಬಂದು ನಿಂತಿತು. ನಿಯಮ ನೆನಪಾಯಿತು, ನಿಯಮದ ಹಿಂದೆ ಅಡಗಿ ನಿಂತಿರುವ ತನ್ನನ್ನೂ ಕಂಡ.

"ತುಟಿ ಸರಿ ಹೋಗೋವರೆಗೆ ಬಿಸಿಯಾದ್ದು ಏನೂ ಕುಡೀಬೇಡಿ," ಎಂದ.

ಷಡ್ಡಕ ಕುರ್ಚಿಯಿಂದ ಇಳಿದ. ಆಮೇಲೆ ಚಪ್ಪಲಿ ಹುಡುಕಿ ಹಾಕಿಕೊಂಡು ಹಿಂಬಾಗಿಲಿನಿಂದ ಹೋದ.

ಮೆಟ್ಟಿಲು ಹತ್ತುವಾಗ ಮಕ್ಕಳು ಅವನನ್ನು ಸರಿಸಿಕೊಂಡು ಧಡಧಡನೆ ಇಳಿದು ಓಡಿದರು. ಅತ್ತಿಗೆ ಕಪ್ಪುಹಲಗೆ ಒರೆಸುತ್ತಿದ್ದಳು. ಅರ್ಧ ಅಳಿಸಿದ ಭಾಗಾಕಾರ ಇನ್ನೂ ಅದರ ಮೇಲಿತ್ತು. "ಕೇಳಿದೆಯಾ?" ಎಂದಳು, ತಿರುಗದೆ.

"ಇವತ್ತು..." ಎಂದ. ಹೊತ್ತು ಸಿಗಲಿಲ್ಲ ಎಂಬ ಮಾತು ತಯಾರಾಗಿ, ಹದವಾಗಿ, ಬಾಯಿಯ ಬಾಗಿಲಿಗೇ ಬಂದಿತ್ತು. "ಕೇಳಲಿಲ್ಲ ಅತ್ತಿಗೆ. ಕೇಳಬಹುದಾಗಿತ್ತು. ಕೇಳೋದಿದೆಯಾ ಅಂತ ಅವನೇ ಕೇಳಿದ. ನಾನು ಕೇಳಲಿಲ್ಲ."

ಅವಳ ಕೈ ಹಲಗೆಯ ಮೇಲೆ ನಿಂತಿತು. "ಯಾಕೆ?"

"ಭಯ."

"ಏನು ಹೇಳ್ತಾನೋ ಅಂತಲಾ?"

"ಅದಲ್ಲ. ಅಣ್ಣ ಬರದಿದ್ದರೂ ನಡೆಯುತ್ತೆ ಅನ್ನೋ ಹಾಗಾಗಿದೆ ನನಗೆ." ಹೇಳಿದ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮಕ್ಕಳ ಬೆಂಚಿನ ಮೇಲೆ ಕೂತ. ಅದು ಎಷ್ಟು ಗಿಡ್ಡವಾಗಿತ್ತೆಂದರೆ ಮೊಣಕಾಲುಗಳು ಎದೆಗೆ ಬಂದವು. ಅವಳು ಈಗ ಒರೆಸುವ ಬಟ್ಟೆಯನ್ನು ತನ್ನ ಮುಖಕ್ಕೆ ಎಸೆದರೂ ಸರಿ ಎನ್ನಿಸಿತು.

ಅತ್ತಿಗೆ ಬಟ್ಟೆಯನ್ನು ಮಡಿಸಿ ಕಿಟಕಿಯ ಮೇಲಿಟ್ಟಳು. ಬೆರಳುಗಳ ಸೀಮೆಸುಣ್ಣ ಒರೆಸಿಕೊಂಡಳು. "ನನಗೂ ಕೆಲವು ದಿನ ಹಾಗನ್ನಿಸುತ್ತೆ," ಎಂದಳು. "ಇತ್ತೀಚೆಗೆ ಜಾಸ್ತಿ. ಅದಕ್ಕೇ ಕೇಳು ಅಂದಿದ್ದು."

ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಒಂದೇ ಮನೆಯಲ್ಲಿ, ಒಂದೇ ಊಟದ ಮೇಜಿನ ಎದುರುಬದುರು ಕೂತು ಇಬ್ಬರೂ ಇದನ್ನೇ ಮುಚ್ಚಿಟ್ಟುಕೊಂಡು ಒಬ್ಬರಿಗೊಬ್ಬರು ಬಡಿಸುತ್ತ ಬಂದಿದ್ದೇವೆ ಎಂದು ಅವನಿಗೆ ಹೊಳೆಯಿತು. ಹೊಳೆದದ್ದರಿಂದ ನೆಮ್ಮದಿಯೇನೂ ಆಗಲಿಲ್ಲ.

"ಗುರುವಾರ ಸೇತುವೆ ತೆಗೀತಾರೆ," ಎಂದ.

"ಮಕ್ಕಳಿಗೆ ಪಾಠ ಹೇಳ್ತಾ ಇದ್ದರೂ ಕಿವಿ ಕೆಳಗೇ ಇತ್ತು. ನಿಮ್ಮ ಮೇಡಮ್ ಹೋಗುವಾಗ ಮೆಟ್ಟಿಲ ಹತ್ತಿರ ನಿಂತು ಹೇಳಿ ಹೋದರು. ಆ ಕಡೆಯಿಂದ ಕಾಯಿಲೆಯವರನ್ನ ಕರ್ಕೊಂಡು ಬರೋಕೆ ಈ ಕಡೆಯಿಂದ ಯಾರು ಹೋಗ್ತಾರೆ?"

"ಇಬ್ಬರು ಬೇಕು. ಇನ್ನೂ ಗೊತ್ತಾಗಿಲ್ಲ."

"ಒಬ್ಬಳು ನಾನು. ಮೇಡಮ್‌ಗೆ ಹೇಳು."

"ಅತ್ತಿಗೆ, ಅಲ್ಲಿ ಸ್ವಂತದ ಮಾತು ಎತ್ತೋ ಹಾಗಿಲ್ಲ."

"ಅದು ನಿಮ್ಮ ಸಮಿತಿಗೆ. ನಾನು ಸಮಿತಿಯವಳಲ್ಲ. ಯಾರದೋ ಕೈ ಹಿಡ್ಕೊಂಡು ಸೇತುವೆ ದಾಟುವಾಗ ಏನು ಮಾತಾಡ್ತೀನಿ ಅನ್ನೋದು ನನ್ನಿಷ್ಟ. ಕೇಳೋಕೇ ಹೋಗ್ತೀನಿ ಅಂತ ಹೇಳು. ಮುಚ್ಚಿಡಬೇಡ."

ಎಲ್ಲ ಕೆಡಬಹುದು. ಯಾರ ಮೊಣಕೈಯನ್ನೋ ಅವಳು ಹಿಡಿದು ಕೇಳಿದರೆ ಗುರುವಾರವೇ ಸೇತುವೆ ಮುಚ್ಚಬಹುದು. ಮುಚ್ಚದೆಯೂ ಇರಬಹುದು; ಕಾಯಿಲೆಯವರ ಜೊತೆ ನಡೆಯುವ ಹೆಂಗಸರು ದಾರಿಯುದ್ದ ಏನೇನೋ ಕೇಳುತ್ತಾರೆ, ಯಾರಾದರೂ ಏನಾದರೂ ಹೇಳಿಬಿಡುತ್ತಾರೆ. ಅವನು ಫೋನು ಮಾಡಿದ. ಅವಳು ಪಕ್ಕದಲ್ಲೇ ನಿಂತಿದ್ದಳು. "ಮೇಡಮ್, ಗುರುವಾರ ಅತ್ತಿಗೆ ಹೋಗ್ತಾರಂತೆ. ಅಣ್ಣನ ವಿಷಯ ಕೇಳೋಕೇ ಹೋಗ್ತಾರಂತೆ."

ಆ ಕಡೆ ಹೆಡ್‌ಮಿಸ್ಟ್ರೆಸ್ ಎದ್ದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಅವರ ಮನೆಯಿಂದ ಕಾಣೆಯಾದವಳು ತಂಗಿ. ಅದು ಇಡೀ ಸಮಿತಿಗೆ ಗೊತ್ತಿತ್ತು, ಅವರು ಮಾತ್ರ ಒಂದು ದಿನವೂ ಎತ್ತಿರಲಿಲ್ಲ.

"ಸೇತುವೆಯ ಮೇಲೆ ನೆರಳಿಲ್ಲ," ಎಂದರು ಕೊನೆಗೆ. "ಛತ್ರಿ ತರೋಕೆ ಹೇಳಿ."

ಹೇಳಿದ. ಅತ್ತಿಗೆ ಕೋಣೆಯೊಳಕ್ಕೆ ಹೋಗಿ ಬೀರುವಿನ ಹಿಂದಿನಿಂದ ಒಂದು ಕಪ್ಪು ಛತ್ರಿಯನ್ನು ಎಳೆದು ತಂದು ಅಲ್ಲೇ ಬಿಚ್ಚಿ ನೋಡಿದಳು. ಒಂದು ಕಡ್ಡಿಯಿಂದ ಬಟ್ಟೆ ಬಿಟ್ಟುಕೊಂಡು ಜೋತಾಡುತ್ತಿತ್ತು. ಸೂಜಿದಾರ ತಂದು, "ಹಿಡ್ಕೋ," ಎಂದಳು. ಅವನು ಗಿಡ್ಡ ಬೆಂಚಿನಿಂದ ಎದ್ದು, ಕೋಣೆಯ ನಡುವೆ, ಬಿಚ್ಚಿದ ಛತ್ರಿಯನ್ನು ಓರೆಯಾಗಿ ಹಿಡಿದು ನಿಂತ. ಅವಳು ಕಡ್ಡಿಯ ತುದಿಗೆ ಬಟ್ಟೆಯನ್ನು ಒತ್ತಿ ಸೂಜಿ ಚುಚ್ಚಿದಳು.

"ಅವತ್ತು ಗಾಳಿ ಜೋರಾಗಿದ್ದರೆ?" ಎಂದು ಕೇಳಿದ.

"ಮಡಿಸಿಕೊಂಡು ನಡೀತೀನಿ," ಎಂದಳು, ಹಲ್ಲಿನಿಂದ ದಾರ ಕಡಿಯುತ್ತ.